ಹಾಲಕ್ಕಿಗಳಿಗೆ ಗುರುತಿದ್ದವಳು

ಜೀನತ್ ತಾರಸಿಯ ಬಾಗಿಲು ತೆಗೆದು ಒಂದು ಹೆಜ್ಜೆ ಇಟ್ಟಿದ್ದಳಷ್ಟೆ. ಹುಣಸೆಮರದ ಕೊಂಬೆಯ ಮೇಲೆ ಎಳೆಬಿಸಿಲಿಗೆ ಮೈ ಕಾಯಿಸುತ್ತಿದ್ದ ಎರಡು ಹಾಲಕ್ಕಿಗಳು ತಲೆಯನ್ನು ಮೇಲೆ ಕೆಳಗೆ ಕುಣಿಸಿ ಅವಳನ್ನು ನೋಡಿದವು. ಆಮೇಲೆ ಒಂದರ ಹಿಂದೊಂದು ಪೊಟರೆಯೊಳಗೆ ಹೋಗಿಬಿಟ್ಟವು. ಕೊರಳಿಗೆ ನೇತುಹಾಕಿಕೊಂಡಿದ್ದ ಕ್ಯಾಮೆರಾವನ್ನು ಅವಳಿನ್ನೂ ಕೈಗೂ ತೆಗೆದುಕೊಂಡಿರಲಿಲ್ಲ.

ಹಿಂದಿನ ದಿನವೂ ಹೀಗೆಯೇ ಆಗಿತ್ತು. ಅದರ ಹಿಂದಿನ ದಿನವೂ. ಇಷ್ಟು ವರ್ಷ ಅವಳು ಇದೇ ತಾರಸಿಯಲ್ಲಿ ಬಟ್ಟೆ ಒಣಹಾಕಿದ್ದಳು, ಮೆಣಸಿನಕಾಯಿ ಹರವಿದ್ದಳು, ತಲೆಗೂದಲು ಆರಿಸಿಕೊಂಡಿದ್ದಳು. ಒಂದು ದಿನವೂ ಆ ಗೂಬೆಗಳು ಅವಳಿಗೆ ಹೆದರಿದ್ದಿಲ್ಲ. ಹಿಡಿಯಷ್ಟು ಗಾತ್ರದ, ಮೈತುಂಬ ಚುಕ್ಕೆಯ, ಹುಬ್ಬು ಗಂಟಿಕ್ಕಿದಂಥ ಮುಖದ ಅವು ಅವಳು ಬಂದರೆ ಒಂದು ಕಣ್ಣು ತೆಗೆದು ನೋಡಿ, ಇವಳೇ ತಾನೆ ಎಂಬಂತೆ ಮತ್ತೆ ಮುಚ್ಚಿಕೊಳ್ಳುತ್ತಿದ್ದವು. ಈಗ ಅವಳು ಪೊಟರೆಯ ಕಪ್ಪು ಬಾಯಿಯನ್ನು ನೋಡುತ್ತ ನಿಂತಳು. ಒಳಗಿನಿಂದ ಮರಿಗಳ ಕಿರಿಕಿರಿ ಸದ್ದು ಬರುತ್ತಿತ್ತು. ಸದ್ದು ದಿನದಿನಕ್ಕೂ ದಪ್ಪವಾಗುತ್ತಿತ್ತು.

ಅವರ ಮನೆ ಶ್ರೀರಂಗಪಟ್ಟಣದ ಕೋಟೆಯೊಳಗಿನ ಹಿಂದಿನ ಬೀದಿಯಲ್ಲಿ. ಹುಣಸೆಮರ ಇರುವುದು ಪಕ್ಕದ ಪುಟ್ಟತಾಯಮ್ಮನ ಹಿತ್ತಲಲ್ಲಿ. ಅದರ ಒಂದು ಕೊಂಬೆ ಮಾತ್ರ ಗೋಡೆ ದಾಟಿ ಇವರ ತಾರಸಿಯ ಹತ್ತಿರಕ್ಕೆ ಚಾಚಿಕೊಂಡಿದೆ. ಕೊಂಬೆ ಕವಲೊಡೆಯುವ ಕಡೆ ಪೊಟರೆ. ಜೀನತ್‌ಳ ಗಂಡ ಅಜ್ಮತ್ ಉಲ್ಲಾ ಪಾಂಡವಪುರದ ರಸ್ತೆಯಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದವನು. ವಾರವೆಲ್ಲ ಹತ್ತಿ ತುಂಬಿ, ಹೊಲಿದು, ಭಾನುವಾರ ಕತ್ತಲಿರುವಾಗಲೇ ಸ್ಕೂಟರ್ ಹತ್ತಿ ಕ್ಯಾಮೆರಾದೊಂದಿಗೆ ಹೊರಡುತ್ತಿದ್ದ. ಹೋದರೆ ರಂಗನತಿಟ್ಟು, ತೊಣ್ಣೂರು ಕೆರೆ, ತೀರಾ ದೂರವೆಂದರೆ ಸಿಂಧಘಟ್ಟದ ಕಡೆ. ಗೆಳೆಯರು ಕಬಿನಿಗೆ ಕರೆದರೆ ಇಲ್ಲಿರೋದನ್ನೇ ಇನ್ನೂ ನೋಡಿ ಮುಗಿಸಿಲ್ಲ ಅನ್ನುತ್ತಿದ್ದ. ಅಷ್ಟೆಲ್ಲ ತಿರುಗಿದರೂ ಅವನಿಗೆ ಅಚ್ಚುಮೆಚ್ಚು ಈ ಪೊಟರೆಯ ಹಾಲಕ್ಕಿಗಳೇ. ಪ್ರತಿ ವರ್ಷ ಬೇಸಿಗೆ ಕಾಲಿಡುವ ಹೊತ್ತಿಗೆ ಮರಿಗಳು ಪೊಟರೆಯಿಂದ ಹೊರಬಂದು ಕೊಂಬೆಯ ಮೇಲೆ ಸಾಲಾಗಿ ಕೂರುತ್ತವೆ. ಕೆಲವೇ ಸಂಜೆ, ಆಮೇಲೆ ಹಾರಿಹೋಗುತ್ತವೆ. ಆ ಸಾಲಿನ ಒಂದು ಚಿತ್ರ ತೆಗೆದು, ಕಟ್ಟು ಹಾಕಿಸಿ, ಅಂಗಡಿಯ ಗೋಡೆಗೆ ಹಾಕುತ್ತಿದ್ದ. ಮನೆಯಲ್ಲಿ ಹಾಕುವಂತಿರಲಿಲ್ಲ. ನಡುಮನೆಯಲ್ಲಿ ಅವನ ತಾಯಿ ಮೆಹಬೂಬ್ ಬೀ ನಮಾಜು ಮಾಡುತ್ತಿದ್ದರು. ಜೀವವಿರುವುದರ ಚಿತ್ರ ಅಲ್ಲಿ ಬೇಡ ಅಂದಿದ್ದರು.

ಈ ಚಳಿಗಾಲದ ಒಂದು ಮಧ್ಯಾಹ್ನ ಅಜ್ಮತ್ ಹೊಸ ಹಾಸಿಗೆಗೆ ಹೊಲಿಗೆ ಹಾಕುತ್ತಿದ್ದವನು ಹಾಗೇ ಅದರ ಮೇಲೆ ಒರಗಿದ. ಊಟದ ಮಂಪರಿರಬೇಕೆಂದು ತಮ್ಮ ಜುಬೇರ್ ಎಬ್ಬಿಸಲಿಲ್ಲ. ಎಬ್ಬಿಸಲು ಹೋದಾಗ ಸೂಜಿ ಇನ್ನೂ ಬೆರಳುಗಳ ನಡುವೆಯೇ ಇತ್ತಂತೆ.

ಜೀನತ್ ಇದ್ದತ್‌ನಲ್ಲಿ ಕೂತಳು. ಗಂಡ ಹೋದವಳು ನಾಲ್ಕು ತಿಂಗಳ ಮೇಲೆ ಹತ್ತು ದಿನ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ, ಸಿಂಗರಿಸಿಕೊಳ್ಳುವುದಿಲ್ಲ, ಅತ್ತರು ಮುಟ್ಟುವುದಿಲ್ಲ. ಅವಳಿಗೆ ಹೊರಗೆ ಹೋಗಬೇಕೆಂದು ಅನ್ನಿಸಿಯೂ ಇರಲಿಲ್ಲ. ನಾಗಮಂಗಲಕ್ಕೆ ಕೊಟ್ಟ ಮಗಳು ಅಲ್ಮಾಸ್ ಬಂದು ಅಮ್ಮನಿಗೆ ಎರಡು ಬಿಳಿ ಸೀರೆ ತೆಗೆದಿಟ್ಟು, ಬಣ್ಣದ ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋದಳು. ಕಣ್ಣೆದುರಿಗಿದ್ದರೆ ಸುಮ್ಮನೆ ಬೇಜಾರು ಎಂಬುದು ಅವಳ ಕಾಳಜಿ. ಸಂತಾಪಕ್ಕೆ ಬಂದವರೂ ಕಡಿಮೆಯಾದರು. ಕೊನೆಗೆ ಉಳಿದವರು ಒಬ್ಬನ ತಾಯಿ ಮತ್ತು ಅವನ ಹೆಂಡತಿ. ಇಬ್ಬರೂ ಅವನ ಮಾತೆತ್ತುತ್ತಿರಲಿಲ್ಲ. ಅತ್ತೆ ತಸ್ಬಿಯ ಮಣಿ ತಿರುಗಿಸುತ್ತ ಕೂತಿರುತ್ತಿದ್ದರು, ಸೊಸೆ ಒಬ್ಬರೂ ಹಸಿದಿರದ ಹೊತ್ತಿಗೆ ಅಡುಗೆ ಮಾಡುತ್ತಿದ್ದಳು.

ಒಂದು ದಿನ ತರಕಾರಿ ಕೊಟ್ಟುಹೋಗಲು ಬಂದ ಜುಬೇರ್ ಬಾಗಿಲಲ್ಲೇ ನಿಂತು, ಗೂಬೆ ಚಿತ್ರಗಳ ಸಾಲಿನ ಕೊನೆಯಲ್ಲಿ ಅಣ್ಣ ಈ ವರ್ಷದ್ದಕ್ಕೂ ಮೊಳೆ ಹೊಡೆದಿಟ್ಟಿದ್ದಾನೆ ಎಂದು ಹೇಳಿದ. ಗಿರಾಕಿಗಳು ಕೇಳುತ್ತಾರಂತೆ, ಈ ವರ್ಷದ ಮರಿ ಎಲ್ಲಿ ಅಂತ. ಮೊಳೆ ಕಿತ್ತುಬಿಡಲೇ ಅತ್ತಿಗೆ, ನೋಡಿದಾಗೆಲ್ಲ ಒಂಥರಾ ಆಗುತ್ತದೆ, ಅಂದ.

"ಕೀಳಬೇಡ. ಇರಲಿ," ಅಂದಳು ಜೀನತ್.

ಅಂದೇ ಅವಳು ಕಪಾಟಿನಿಂದ ಕ್ಯಾಮೆರಾ ತೆಗೆದು ಬ್ಯಾಟರಿ ಚಾರ್ಜಿಗೆ ಹಾಕಿದ್ದು. ಚಿತ್ರ ತೆಗೆಯಲು ಅವಳಿಗೆ ಗೊತ್ತಿರಲಿಲ್ಲ. ಹಿಡಿದುಕೋ ಎಂದು ಅವನು ಕೊಟ್ಟಾಗ ಹಿಡಿದುಕೊಂಡಿದ್ದು, ಲೆನ್ಸಿನ ಧೂಳನ್ನು ಹಳೆಯ ಮಲ್ಲಿನ ಬಟ್ಟೆಯಲ್ಲಿ ಒರೆಸಿದ್ದು, ಅಷ್ಟೇ. ತಾರಸಿಯ ಮೇಲಿಂದ ಕಾಗೆ, ಪಿಕಳಾರ, ಸಂಜೆ ಗೂಡಿಗೆ ಮರಳುವ ಬೆಳ್ಳಕ್ಕಿ ಸಾಲು, ದೂರದ ಹೊಳೆಯ ಮೇಲಿನ ಮಂಜು, ಹೀಗೆ ಕಂಡದ್ದನ್ನೆಲ್ಲ ಹಿಡಿದು ಕಲಿತಳು. ಮೊದಲು ಬರೀ ಕಪ್ಪು, ಆಮೇಲೆ ಬರೀ ಅಲುಗಾಟ, ಆಮೇಲೆ ಒಂದು ದಿನ ಪಿಕಳಾರದ ಜುಟ್ಟು ಕೂದಲೆಳೆಯಷ್ಟು ಸ್ಪಷ್ಟವಾಗಿ ಬಂತು. ಅಂದು ಅವಳು ಮೆಟ್ಟಿಲು ಅರ್ಧ ಇಳಿದು, ತೋರಿಸಲು ಯಾರೂ ಇಲ್ಲವೆಂದು ನೆನಪಾಗಿ, ಅಲ್ಲೇ ಕೂತಳು.

ಅವನ ಮೆಮೊರಿ ಕಾರ್ಡುಗಳನ್ನೂ ಒಂದೊಂದಾಗಿ ಹಾಕಿ ನೋಡಿದಳು. ಬಣ್ಣದ ಕೊಕ್ಕರೆಗಳು, ಮಿಂಚುಳ್ಳಿ, ಕುಂತಿಬೆಟ್ಟದ ಬಂಡೆಗಳ ಹಿಂದೆ ಏಳುವ ಸೂರ್ಯ, ಹೊಣಕೆರೆ ಕಡೆಯ ರಾಗಿಹೊಲದಲ್ಲಿ ಮುನಿಯ ಹಕ್ಕಿಗಳ ಹಿಂಡು. ಹುಡುಕುತ್ತಿದ್ದದ್ದು ಏನೆಂದು ಅವಳಿಗೆ ಗೊತ್ತಿತ್ತು, ತನಗೆ ತಾನೇ ಹೇಳಿಕೊಳ್ಳಲಿಲ್ಲ. ಎಲ್ಲ ಕಾರ್ಡು ಮುಗಿದವು. ಅವಳದೊಂದೂ ಇರಲಿಲ್ಲ.

ಹಾಗೆಂದು ಅವಳು ಇಲ್ಲದೆ ಆ ಹಾಲಕ್ಕಿಗಳ ಒಂದು ಚಿತ್ರವನ್ನೂ ಅವನು ತೆಗೆದಿದ್ದಿಲ್ಲ. ಅದಕ್ಕೊಂದು ಕ್ರಮವಿತ್ತು. ಅವನು ನೀರಿನ ತೊಟ್ಟಿಯ ಹಿಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಅವಳು ಬಕೆಟ್ಟಿನೊಂದಿಗೆ ಬಂದು ಮರದ ಕಡೆಯ ತಂತಿಗೆ ಬಟ್ಟೆ ಹಾಕಬೇಕು. ಹಕ್ಕಿಗೆ ಕ್ಯಾಮೆರಾದವನ ಮೇಲೆ ಅನುಮಾನ. ಬಟ್ಟೆ ಒಣಹಾಕುವವಳ ಮೇಲೆ ಇಲ್ಲ. ಅವು ಅವಳನ್ನು ನೋಡುತ್ತ ಕೂತಿರುವಾಗ ಅವನು ಅವುಗಳನ್ನು ಹಿಡಿಯುತ್ತಿದ್ದ. ಬಟ್ಟೆ ಮುಗಿದರೆ ಹಾಕಿದ್ದನ್ನೇ ತೆಗೆದು, ಕೊಡವಿ, ಮತ್ತೆ ಹಾಕಬೇಕು. ಅವಳು ಒಲೆಯ ಮೇಲೆ ಸಾರಿದೆ ಎಂದು ಗೊಣಗಿದರೆ ತೊಟ್ಟಿಯ ಹಿಂದಿನಿಂದ ಮೆಲುದನಿ ಬರುತ್ತಿತ್ತು: "ಇನ್ನೊಂದ್ ಸ್ವಲ್ಪ ಇರು. ಹೋಗ್ಬೇಡ." ಮದುವೆಯಾದ ಮೇಲೆ ಅವನು ಅವಳನ್ನು ಇರು ಎಂದು ಕೇಳಿಕೊಂಡದ್ದು ಆ ತಾರಸಿಯಲ್ಲಿ ಮಾತ್ರ, ಅದೂ ಗೂಬೆಗಳಿಗಾಗಿ. ಒಂದೊಂದು ಸಲ ಅವಳಿಗೆ ಸಿಟ್ಟು ಬಂದು ಬಕೆಟ್ಟು ಕುಕ್ಕಿದ್ದೂ ಉಂಟು. ಆಗಲೂ ಹಕ್ಕಿಗಳು ಹಾರುತ್ತಿರಲಿಲ್ಲ, ಅವಳ ಸಿಟ್ಟೂ ಅವುಗಳಿಗೆ ಗುರುತಿತ್ತು.

ಈಗ ಅವು ಅವಳನ್ನು ಕಂಡರೆ ಒಳಗೆ ಓಡುತ್ತಿದ್ದವು. ಮರಿಗಳು ಇವತ್ತೋ ನಾಳೆಯೋ ಹೊರಬರುವಂತಿದ್ದವು.

ಕೆಳಗೆ ಹಿತ್ತಲಲ್ಲಿ ಪುಟ್ಟತಾಯಮ್ಮ ಹಸುವಿಗೆ ಮೇವು ಹಾಕುತ್ತಿದ್ದಳು. ಜೀನತ್‌ಗಿಂತ ಹಿರಿಯಳು, ಬಿಂಡಿಗನವಿಲೆಯಿಂದ ಮದುವೆಯಾಗಿ ಬಂದವಳು. ಸಾವಾದ ವಾರದಲ್ಲಿ ಯಾರೋ ಗೂಬೆ ಕೂಗಿದ್ದಕ್ಕೇ ಹೀಗಾಯಿತು, ಪೊಟರೆಗೆ ಸಿಮೆಂಟು ಹಾಕಿಸಿ ಅಂದಾಗ, ತನ್ನ ತವರಲ್ಲಿ ಹಾಲಕ್ಕಿ ನುಡಿದರೆ ನಿಂತು ಕೈಮುಗಿಯುತ್ತಾರೆ ಎಂದು ಹೇಳಿ ಅವರ ಬಾಯಿ ಮುಚ್ಚಿಸಿದ್ದಳು. ಅವಳು ಮೇಲೆ ನೋಡಿ, ಏನಾಯಿತು, ಮುಖ ಯಾಕೆ ಹಾಗಿದೆ ಎಂದು ಕೇಳಿದಳು.

"ಅವೂ ನನ್ನ ಬೇಡ ಅಂದವು ಪುಟ್ಟಕ್ಕ," ಅಂದಳು ಜೀನತ್. ತಮಾಷೆಯಾಗಿ ಹೇಳಬೇಕೆಂದುಕೊಂಡಿದ್ದಳು, ದನಿ ಹಾಗೆ ಬರಲಿಲ್ಲ. "ನನ್ನ ಕಂಡ್ರೆ ಓಡ್ತವೆ. ಗಂಡ ಹೋದವಳು ಅಂತ ಅವಕ್ಕೂ ಗೊತ್ತಾಯ್ತೇನೋ."

ಪುಟ್ಟತಾಯಮ್ಮ ಮೇವು ಅಲ್ಲೇ ಬಿಟ್ಟು ಸೊಂಟಕ್ಕೆ ಕೈಕೊಟ್ಟಳು. "ಅಲ್ಲ ಕಣವ್ವ, ಒತ್ತಾರೆ ಮುಸುಕ್ನಲ್ಲಿ ನೀನು ಬೆಳ್ಳಗೆ ಅಲ್ ನಿಂತ್ಕಂಡಿದ್ರೆ ನಂಗೇ ಎದೆ ಝಲ್ ಅಂತದೆ. ಮೊನ್ನೆ ಸಗಣಿ ಎತ್ತಾಕ್ ಬಂದವ್ಳು ಮಂಕ್ರಿ ಅಲ್ಲೇ ಬುಟ್ಬುಟ್ಟು ಒಳಿಕ್ ಓಡೋದೆ. ಇನ್ ಆ ಬಡ್ಡೆತ್ತವು ಕುಂತ್ಕತವಾ?"

ಜೀನತ್ ತನ್ನ ಸೆರಗನ್ನು ನೋಡಿಕೊಂಡಳು. ಹೊಸ ಬಿಳುಪು, ಬಿಸಿಲಿಗೆ ಕಣ್ಣು ಕೋರೈಸುವಂತಿತ್ತು. ಆಗ ಅವಳಿಗೆ ಒಂದು ಹಳೆಯ ಶುಕ್ರವಾರ ನೆನಪಾಯಿತು. ಮಸೀದಿಯಿಂದ ನೇರವಾಗಿ ಹೊಳೆದಂಡೆಗೆ ಅಣ್ಣನ ಜೊತೆ ಹೋಗಿದ್ದ ಜುಬೇರ್ ಬೈಸಿಕೊಂಡು ಮನೆಗೆ ಬಂದಿದ್ದ. ಬಿಳಿ ಜುಬ್ಬ ಹಾಕಿಕೊಂಡು ಬಂದು ಇಡೀ ದಂಡೆಯ ಹಕ್ಕಿಗಳನ್ನೆಲ್ಲ ಎಬ್ಬಿಸಿಬಿಟ್ಟ ಎಂದು ಅಜ್ಮತ್ ಊಟದ ತನಕ ಗೊಣಗಿದ್ದ. ಹಕ್ಕಿ ನೋಡುವವನು ಬಿಳಿ ಹಾಕಬಾರದು, ಮಣ್ಣಿನ ಬಣ್ಣ ಹಾಕಬೇಕು ಎಂಬುದು ಅವನ ಮೊದಲ ಪಾಠ. ಅವಳು ಸಾರು ಬಡಿಸುತ್ತ ಆ ಮಾತನ್ನು ಒಂದು ಕಿವಿಯಲ್ಲಿ ಕೇಳಿದ್ದಳು.

ಎಷ್ಟೋ ದಿನದ ಮೇಲೆ ಅವಳಿಗೆ ನಗು ಬಂತು. ಬೇಡವಾದದ್ದು ತಾನಲ್ಲ, ಸೀರೆ. ಆದರೆ ಬೇರೆ ಬಣ್ಣದ ಬಟ್ಟೆ ಮನೆಯಲ್ಲಿರಲಿಲ್ಲ, ಅತ್ತೆಯವೂ ಬಿಳಿಯೇ. ಇದ್ದತ್ ಮುಗಿಯುವ ಹೊತ್ತಿಗೆ ಮರಿಗಳು ಹಾರಿಹೋಗಿ ಎಷ್ಟೋ ಕಾಲವಾಗಿರುತ್ತದೆ. ಅಲ್ಮಾಸ್‌ಳನ್ನು ಕೇಳಿದರೆ ತರುತ್ತಾಳೆ, ತರುವಾಗ ಯಾಕೆ ಎಂದು ಕೇಳುತ್ತಾಳೆ. ಇದ್ದತ್‌ನಲ್ಲಿ ಅಮ್ಮ ಬಣ್ಣ ಕೇಳಿದಳು ಎಂಬುದು ನಾಗಮಂಗಲದ ಬೀಗರ ಮನೆಯಲ್ಲಿ ಯಾವ ರೂಪ ತಾಳುತ್ತದೋ.

ನಲವತ್ತನೆಯ ದಿನದ ಫಾತಿಹಾಗೆ ತರಿಸಿದ್ದ ಟೀಪುಡಿ ಡಬ್ಬಿಯ ತುಂಬ ಉಳಿದಿತ್ತು. ಅವಳು ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಹಿಡಿಹಿಡಿಯಾಗಿ ಪುಡಿ ಹಾಕಿ, ಒಂದಿಷ್ಟು ಉಪ್ಪು ಬೆರೆಸಿ ಕುದಿಸಿದಳು. ಸೋಸಿ, ಬಕೆಟ್ಟಿಗೆ ಸುರಿದು, ಒಂದು ಸೀರೆಯನ್ನು ಅದ್ದಿದಳು. ಹೇಗೂ ಡಿಕಾಕ್ಷನ್ ಉಳಿದಿದೆಯೆಂದು, ಮೈಮೇಲಿನ ಸೀರೆ ಬದಲಿಸಲು ಅತ್ತೆಯದೊಂದನ್ನು ಸುತ್ತಿಕೊಂಡು, ಎರಡನೆಯದನ್ನೂ ಅದ್ದಿದಳು. ಬೆಳಿಗ್ಗೆ ತೆಗೆದಾಗ ಅವು ಹೊಳೆಯ ಹೊಸನೀರಿನ ಬಣ್ಣಕ್ಕೆ ತಿರುಗಿದ್ದವು, ಅಲ್ಲಲ್ಲಿ ಗಾಢ, ಅಲ್ಲಲ್ಲಿ ತೆಳು.

ಮೆಹಬೂಬ್ ಬೀ ಕೈಕಾಲು ಮುಖ ತೊಳೆದು ವಜೂ ಮಾಡಲು ಬಂದವರು ತಂತಿಯ ಮೇಲೆ ಆ ಸೀರೆಗಳನ್ನು ನೋಡಿದರು. ಮನೆಯೊಳಗೆ ಇಬ್ಬರ ಮಾತೂ ಉರ್ದುವಿನಲ್ಲೇ. ಈ ದಿನಗಳಲ್ಲಿ ಅದೂ ಬೇಕಾದಷ್ಟೇ. ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೂಸಿದರು. ಆಮೇಲೆ ನಮಾಜಿಗೆ ಹೋದರು.

ಆ ಸೀರೆ ಉಟ್ಟು ಅವಳು ತಾರಸಿಗೆ ಹೋದಳು. ಬಕೆಟ್ಟಿನಲ್ಲಿ ಮನೆಯ ಹಸಿರು ಪರದೆಗಳಿದ್ದವು. ಅವು ಕೊಳೆಯಾಗಿರಲಿಲ್ಲ, ಬಿಳಿ ಬಟ್ಟೆ ತಂತಿಗೆ ಬೇಡವೆಂದು ಅವನ್ನು ಬಿಚ್ಚಿ ನೀರಿಗೆ ಅದ್ದಿ ತಂದಿದ್ದಳು. ಹಾಲಕ್ಕಿಗಳು ತಲೆ ಕುಣಿಸಿದವು. ಬಹಳ ಹೊತ್ತು ನೋಡಿದವು. ಅವಳು ಅವುಗಳ ಕಡೆ ನೋಡದೆ ಒಂದು ಪರದೆ ಕೊಡವಿದಳು, ಎರಡನೆಯದಕ್ಕೆ ಬಗ್ಗಿದಳು. ತಲೆಯೆತ್ತಿದಾಗ ಅವು ಅಲ್ಲೇ ಇದ್ದವು. ಅವುಗಳಲ್ಲೊಂದು ಕಣ್ಣು ಮುಚ್ಚಿಕೊಂಡಿತು.

ಮೂರನೆಯ ಪರದೆ ಹಾಕಿ, ಮೆಲ್ಲಗೆ ಕ್ಯಾಮೆರಾ ಎತ್ತಿದಳು. ಅದು ಮುಖದವರೆಗೆ ಬರುವಷ್ಟರಲ್ಲಿ ಕೊಂಬೆ ಖಾಲಿಯಾಗಿತ್ತು.

ಮಾರನೆಯ ದಿನ ತೊಟ್ಟಿಯ ಹಿಂದೆ ಕೂತು ನೋಡಿದಳು. ತಾರಸಿಯಲ್ಲಿ ಯಾರೂ ಕಾಣದಿದ್ದಾಗ ಹಕ್ಕಿಗಳು ತೊಟ್ಟಿಯ ಕಡೆಯೇ ನೋಡಿದವು, ಲೆನ್ಸಿನ ಗಾಜು ಕಂಡಿತು, ಹೋದವು. ಪರದೆ ಹಾಕಿದರೆ ಕೂರುತ್ತವೆ, ಚಿತ್ರವಿಲ್ಲ. ಕ್ಯಾಮೆರಾ ಹಿಡಿದರೆ ಹಕ್ಕಿಯಿಲ್ಲ. ಇದು ಇಬ್ಬರು ಮಾಡುವ ಕೆಲಸ ಎಂಬುದು ಅವಳಿಗೆ ಈಗ ತಿಳಿಯಿತು. ಇಷ್ಟು ವರ್ಷ ಅವನ ಹವ್ಯಾಸ, ಅವನ ಹಕ್ಕಿ, ಅವನ ಚಿತ್ರ ಅಂದುಕೊಂಡಿದ್ದಳು. ಅದರಲ್ಲಿ ಅರ್ಧ ತನ್ನದಾಗಿತ್ತು ಎಂದು ಹೇಳುವುದಕ್ಕೆ ಅವನಿಗೆ ಹೊಳೆದಿರಲಿಲ್ಲ. ಕೇಳುವುದಕ್ಕೆ ಅವಳಿಗೂ ಹೊಳೆದಿರಲಿಲ್ಲ.

ಪುಟ್ಟತಾಯಮ್ಮನನ್ನು ಕರೆಯೋಣವೆಂದರೆ ಅವಳು ತಂಗಿಯ ಮಗಳ ಬಾಣಂತನಕ್ಕೆಂದು ಕೆ.ಆರ್. ಪೇಟೆಯ ಬಸ್ಸು ಹತ್ತಿದ್ದಳು. ಆ ಮಧ್ಯಾಹ್ನ ಪೊಟರೆಯ ಬಾಯಲ್ಲಿ ಮೊದಲ ಮರಿಯ ಮುಖ ಕಂಡಿತು.

ಅವಳು ಕೆಳಗಿಳಿದು ಬಂದು, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸತೊಡಗಿದಳು. ಬಿಡಿಸುತ್ತಿದ್ದಂತೆ ಕಣ್ಣೀರು ಸೊಪ್ಪಿನ ಮೇಲೆ ಬೀಳತೊಡಗಿತು. ಸತ್ತ ದಿನ ಎಲ್ಲರೂ ಅಳು ಅಂದಾಗ ಬಾರದಿದ್ದದ್ದು ಈಗ ನಿಲ್ಲಲಿಲ್ಲ. ಮಂಚದ ಮೇಲಿದ್ದ ಮೆಹಬೂಬ್ ಬೀ ತಸ್ಬಿ ಕೆಳಗಿಟ್ಟರು.

"ಏನು ಬೇಕು ನಿನಗೆ ಮೇಲೆ?" ಎಂದು ಕೇಳಿದರು.

ಜೀನತ್ ಹೇಳಿದಳು. ಅಂಗಡಿಯ ಗೋಡೆಯ ಮೊಳೆ, ಬಿಳಿ ಸೀರೆ, ಟೀಪುಡಿ, ಪರದೆ, ಎಲ್ಲ. ಹೇಳುತ್ತ ಹೋದಂತೆ ಇದು ಹುಚ್ಚಿನಂತೆ ಕೇಳಿಸುತ್ತಿದೆ ಎಂದು ಅವಳಿಗೇ ಅನ್ನಿಸಿತು. ಕೊನೆಗೆ, ಬಣ್ಣ ಹಾಕಿದ್ದು ತಪ್ಪಾದರೆ ಮಾಫ್ ಮಾಡಿ ಅಂದಳು.

"ಸಿಂಗಾರಕ್ಕೆ ಬಣ್ಣ ಹಾಕೋದು ಬೇಡ ಅಂತಾರೆ," ಅಂದರು ಮುದುಕಿ. "ಇದು ಸಿಂಗಾರನಾ? ನೆಲ ಒರೆಸೋ ಬಟ್ಟೆ ಹಂಗಿದೆ."

ಆಮೇಲೆ ಮೆಹಬೂಬ್ ಬೀ ತಮ್ಮ ಮೊಣಕಾಲ ಮೇಲಿನ ಬಿಳಿ ಸೀರೆಯ ನೆರಿಗೆಯನ್ನು ಅಂಗೈಯಿಂದ ಸವರಿದರು. "ನಿನ್ ಮಾವ ಹೋದಾಗ ಜುಬೇರ್ ಇನ್ನೂ ತೊಟ್ಟಿಲಲ್ಲಿದ್ದ. ಆವತ್ತು ನನಗೆ ಬಿಳಿ ಉಡಿಸಿದ್ರು. ಇದ್ದತ್ ಮುಗೀತು. ಇನ್ನು ಸಾಕು ಬಿಡು ಅಂತ ಯಾರೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ." ದೂರು ಹೇಳಿದಂತಿರಲಿಲ್ಲ, ಎಲ್ಲೋ ಇಟ್ಟು ಮರೆತ ವಸ್ತುವಿನ ಮಾತಾಡಿದಂತಿತ್ತು. "ಇನ್ನೊಂದು ಸೀರೆ ಇದೆಯಲ್ಲ, ಅದನ್ನ ಕೊಡು."

ಅವರು ತಾರಸಿಗೆ ಹತ್ತಿ ವರ್ಷಗಳಾಗಿದ್ದವು. ಜೀನತ್ ಹಿಂದೆ ನಿಂತು ಸೊಂಟ ಹಿಡಿದುಕೊಂಡಳು; ಪ್ರತಿ ಮೆಟ್ಟಿಲಿಗೂ ಮೊಣಕಾಲು ಹಿಡಿದು, ಯಾ ಅಲ್ಲಾ ಎನ್ನುತ್ತ ಮುದುಕಿ ಹತ್ತಿದರು. ಬಾಗಿಲ ಒಳಗೇ ನಿಂತು ಟೀ ಬಣ್ಣದ ಸೀರೆಯನ್ನು ತಲೆಯಿಂದ ಮಂಡಿಯವರೆಗೆ ಹೊದ್ದುಕೊಂಡರು. ಏನು ಮಾಡಬೇಕೆಂದು ಜೀನತ್ ಪಿಸುಗುಟ್ಟಿದಳು: ಹಕ್ಕಿಯ ಕಡೆ ನೋಡಬೇಡಿ, ಬಟ್ಟೆ ಹಾಕುತ್ತಿರಿ, ಅಷ್ಟೇ. ತಾನು ಮೊದಲೇ ಗೋಡೆಯ ಮಗ್ಗುಲಲ್ಲಿ ತೆವಳಿಕೊಂಡು ಹೋಗಿ ತೊಟ್ಟಿಯ ಹಿಂದೆ ಕೂತಳು. ಅವನು ಕೂರುತ್ತಿದ್ದ ಕಡೆ ಸಿಮೆಂಟು ನುಣುಪಾಗಿತ್ತು.

ಮೆಹಬೂಬ್ ಬೀ ಬಕೆಟ್ಟಿನೊಂದಿಗೆ ಹೊರಬಂದರು. ಹಾಲಕ್ಕಿಗಳ ತಲೆ ಮೇಲೆ ಕೆಳಗೆ ಕುಣಿಯಿತು. ಜೀನತ್ ಉಸಿರು ಹಿಡಿದಳು. ಮುದುಕಿ ಬಗ್ಗಿ ಒಂದು ಪರದೆ ತೆಗೆದು, ತಂತಿಯ ಮೇಲೆ ಎಸೆದರು, ಅದು ಜಾರಿ ಬಿತ್ತು. ಬೈಗುಳವೋ ದುವಾವೋ ಏನೋ ಗೊಣಗುತ್ತ ಮತ್ತೆ ಎಸೆದರು. ಹಕ್ಕಿಗಳು ನೋಡಿದವು. ಸೊಂಟ ಬಗ್ಗಿದ, ಕಂದು ಬಣ್ಣದ, ಬಟ್ಟೆಯ ಜೊತೆ ಜಗಳವಾಡುವ ಒಂದು ಆಕಾರ. ಅವುಗಳಿಗೆ ಅಷ್ಟು ಸಾಕಾಯಿತೇನೋ. ಎರಡೂ ಪುಕ್ಕ ಸಡಿಲಿಸಿ ಕೂತವು.

ಬಿಸಿಲು ಕೆಂಪಾಗುವ ಹೊತ್ತಿಗೆ ಮರಿಗಳು ಬಂದವು. ಒಂದು ಪೊಟರೆಯ ಅಂಚಿಗೆ ಬಂದು ನಿಂತು, ಎಡವಿದಂತೆ ಕೊಂಬೆಗೆ ಇಳಿಯಿತು. ಅದನ್ನು ನೂಕಿಕೊಂಡು ಎರಡನೆಯದು. ಮೂರನೆಯದು ಅರ್ಧ ಬಂದು ಒಳಗೆ ಹೋಗಿ ಮತ್ತೆ ಬಂತು. ಎದೆಯ ಮೇಲೆ ಇನ್ನೂ ಬಿಳಿಯ ತುಪ್ಪಳ, ದೊಡ್ಡ ಹಳದಿ ಕಣ್ಣು. ತಾಯಿ ತಂದೆ ಸೇರಿ ಐದೂ ಸಾಲಾಗಿ ಕೂತು ಬಟ್ಟೆ ಹಾಕುವವರನ್ನೇ ನೋಡತೊಡಗಿದವು. ಜೀನತ್ ಒತ್ತಿದಳು. ಮತ್ತೆ ಒತ್ತಿದಳು. ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ನೋಡಿದಳು: ಪ್ರತಿ ಕಣ್ಣಿನಲ್ಲೂ ಸಂಜೆಯ ಒಂದು ಚುಕ್ಕೆ ಬೆಳಕಿತ್ತು. ಮೊಳೆಗೆ ಹಾಕಬಹುದಾದ ಚಿತ್ರ.

ಆಮೇಲೆ ಅವಳು ಮತ್ತೆ ಲೆನ್ಸಿನಲ್ಲಿ ನೋಡಿದಳು. ಚೌಕಟ್ಟಿನ ಎಡಗಡೆ, ಅಂಚಿನಾಚೆ, ಕಂದು ಸೀರೆಯ ಬೆನ್ನೊಂದು ಇತ್ತು. ಅದನ್ನೂ ಸೇರಿಸೋಣವೆಂದು ಜೂಮನ್ನು ಹಿಂದಕ್ಕೆ ಎಳೆದಳು. ಬೆನ್ನು ಬಂತು, ಹಕ್ಕಿಗಳು ಹುಣಸೆಕಾಯಿಯಷ್ಟಾಗಿ ಮರದಲ್ಲಿ ಕಳೆದುಹೋದವು. ಮುಂದಕ್ಕೆ ತಳ್ಳಿದಳು. ಹಕ್ಕಿಗಳು ಬಂದವು, ಬೆನ್ನು ಹೋಯಿತು. ಹಕ್ಕಿಗೂ ಬೆನ್ನಿಗೂ ಒಟ್ಟಿಗೆ ಅದರಲ್ಲಿ ಜಾಗವಿರಲಿಲ್ಲ. ಎಷ್ಟು ವರ್ಷ ಅವನು ಇಲ್ಲಿ ಕೂತು ಹೀಗೆ ಹಿಂದಕ್ಕೆ ಮುಂದಕ್ಕೆ ಮಾಡಿದ್ದನೋ, ಒಂದು ಸಲವಾದರೂ ಮಾಡಿದ್ದನೋ ಇಲ್ಲವೋ.

"ಮುಗೀತಾ?" ಮೆಹಬೂಬ್ ಬೀ ತಿರುಗದೆ ಕೇಳಿದರು. "ಹಾಕಿದ್ ಪರದೇನೇ ಎಷ್ಟ್ ಸಲ ಹಾಕ್ಲಿ?"

ಬೇಕಾದ ಚಿತ್ರ ಆಗಲೇ ಸಿಕ್ಕಿತ್ತು. ಕ್ಯಾಮೆರಾ ಅವಳ ಮಡಿಲಲ್ಲಿತ್ತು.

"ಇನ್ನೊಂದ್ ಸ್ವಲ್ಪ ಇರಿ ಅಮ್ಮಾ," ಅಂದಳು ಜೀನತ್. "ಹೋಗ್ಬೇಡಿ."

ಹೇಳಿದ ಮೇಲೆ ಆ ಮಾತು ಅವಳ ಕಿವಿಗೆ ಬಿತ್ತು. ಅಜ್ಮತ್ ಹಾಗೆ ಹೇಳುತ್ತಿದ್ದಾಗಲೂ ಚಿತ್ರ ಸಿಕ್ಕಿಯಾಗಿರುತ್ತಿತ್ತೋ ಏನೋ. ಈಗ ಕೇಳುವಂತಿರಲಿಲ್ಲ.

ಮುದುಕಿ ಏನೋ ಗೊಣಗಿದರು. ತಂತಿಯ ಮೇಲಿನ ಪರದೆಯನ್ನು ತೆಗೆದು, ಕೊಡವಿ, ಮತ್ತೆ ಹಾಕಿದರು.